ಹನ್ನೊಂದು ನಿಮಿಷ

ಹೊಳೆನರಸೀಪುರದ ಕೋರ್ಟಿನೆದುರು
ಎಂಟಡಿ ಅಂಗಡಿ ನನ್ನದು.
ಬೆಳಿಗ್ಗೆ ಷಟರ್ ಎತ್ತಿ, ಗುಂಡಿ ಒತ್ತಿ,
ಹೊರಗೆ ನೀರು ಚಿಮುಕಿಸಿ, ನಾಲ್ಕೆಳೆ ರಂಗೋಲಿ ಎಳೆದು,
ಪಕ್ಕದ ಹೋಟೆಲಿನ ಅರ್ಧ ಕಾಫಿ ಮುಗಿಸಿ ಬಂದರೂ
ಪರದೆಯ ಮೇಲೆ ಆ ಚುಕ್ಕಿಗಳು
ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇರುತ್ತಿದ್ದವು.
ಹನ್ನೊಂದು ನಿಮಿಷ. ಗಡಿಯಾರ ಇಟ್ಟು ನೋಡಿದ್ದೇನೆ.

ವಕೀಲ ಚೆಲುವಯ್ಯನವರು ಅಂದೇಬಿಟ್ಟರು:
"ಜಯಶೀಲಾ, ನಿಮ್ಮ ಮಿಷನ್ನಿಗಿಂತ
ನನ್ನ ಪಾಲುವಿಭಾಗದ ಕೇಸೇ ಬೇಗ ಮುಗಿಯುತ್ತೆ."

ಚೀಟಿ ಕೂಗಿದೆ. ಹದಿನೈದರಲ್ಲಿ ಎರಡು ಕಳೆದು
ಹದಿಮೂರು ಸಾವಿರ ಕೈಗೆ ಬಂತು.
ಹಾಸನದಿಂದ ಮುದಸ್ಸಿರ್ ಬಂದು ಬಿಚ್ಚಿ ನೋಡಿದ.
ಒಳಗೆ ಧೂಳು ಕಂಬಳಿಯಾಗಿತ್ತು.
ಹಲ್ಲಿ ಮೊಟ್ಟೆಯ ಎರಡು ಚಿಪ್ಪು, ಒಂದು ಗುಂಡುಪಿನ್ನು.

"ರ‍್ಯಾಮ್ ಒಂದೇ ಹಾಕಿದರೆ ಆಗಲ್ವಾ?"
"ಹೊಸ ರ‍್ಯಾಮ್ ಈ ಬೋರ್ಡಿಗೆ ಕೂರಲ್ಲ ಮೇಡಂ.
ಬೋರ್ಡು ಬದಲಿಸಿದರೆ ಈ ಪ್ರೊಸೆಸರ್ ಕೂರಲ್ಲ.
ಮೂರೂ ಒಟ್ಟಿಗೇ ಎದ್ದು ಹೋಗಬೇಕು."
ನಮ್ಮಲ್ಲಿ ಹೆಣ್ಣು ನೋಡುವಾಗ ಬೆಡಗು ಕೇಳುತ್ತಾರೆ,
ಇವನು ಸಾಕೆಟ್ಟು ಕೇಳುತ್ತಾನೆ.

ಸ್ಟಾಂಪು ಮಾರುವವನ ಹಳೇ ರಶೀದಿಯ ಬೆನ್ನಿಗೆ ಲೆಕ್ಕ:
ಬೋರ್ಡು ಐದೂವರೆ.
ಪ್ರೊಸೆಸರ್ ನಾಲ್ಕು, ಯಾರದೋ ಬಾಗಿಲು ಹಾಕಿದ ಸೈಬರಿನದು.
ರ‍್ಯಾಮ್ ಒಂದೇ ಪಟ್ಟಿ, ಎರಡನೇ ಕಿಂಡಿ ಖಾಲಿ ಇರಲಿ.
ಎಸ್ಸೆಸ್‌ಡಿ ಚಿಕ್ಕದು ಸಾಕು, ಹಳೇ ಡಿಸ್ಕು ಕಡತಕ್ಕಿರಲಿ.
ಕ್ಯಾಬಿನೆಟ್ಟು ಅದೇ. ಮಾನಿಟರೂ ಅದೇ.
"ಸ" ಅಳಿಸಿಹೋದ ಕೀಬೋರ್ಡಂತೂ ಅದೇ,
ಆ ಅಕ್ಷರ ನನ್ನ ಬೆರಳಿಗೆ ಹತ್ತಿಕೊಂಡಿದೆ.

ಕೂಡಿದರೆ ಹನ್ನೆರಡು ಸಾವಿರದ ಒಂಬೈನೂರು.
ನೂರು ಉಳಿಯಿತು ಅಂದುಕೊಂಡೆ.
ಅವನು ಪವರ್ ಸಪ್ಲೈ ಮೂಸಿ ನೋಡಿ ತಲೆಯಾಡಿಸಿದ:
"ಇದನ್ನ ನಂಬಿದರೆ ಹೊಸದನ್ನೆಲ್ಲ ಒಂದೇ ದಿನ ಸುಡುತ್ತೆ."
ಮತ್ತೆ ಸಾವಿರದ ಒಂಬೈನೂರು.

ನಾನು ಸುಮ್ಮನೆ ಕೂತೆ. ಅವನೂ ಕೂತ.
ಆಮೇಲೆ ಅವನೇ ಕೇಳಿದ,
ಅವನಂಗಡಿಯ ಬಾಡಿಗೆ ಕರಾರು, ಅಣ್ಣಂದಿರ ವಿಭಾಗ ಪತ್ರ,
ಅತ್ತೆಯ ಪೆನ್ಷನ್ ಅರ್ಜಿ, ಇವನ್ನೆಲ್ಲ ಟೈಪ್ ಮಾಡಿಕೊಡ್ತೀರಾ ಅಂತ.
ಹಾಗೆ ತೀರಿತು.

ಮುಂದಿನ ಗುರುವಾರ ಮಡಿಲಲ್ಲಿ ಪೆಟ್ಟಿಗೆ ಇಟ್ಟುಕೊಂಡು
ಕೆಂಪು ಬಸ್ಸಿನಲ್ಲಿ ಬಂದ.
ಪ್ರೊಸೆಸರಿನ ನೆತ್ತಿಗೆ ಬೂದು ಬಣ್ಣದ ಪೇಸ್ಟು,
ಎಲೆಗೆ ಸುಣ್ಣ ಹಚ್ಚುವಷ್ಟೇ.
"ಜಾಸ್ತಿ ಬೇಡ," ಅಂದ. ನನಗೆ ಗೊತ್ತು,
ಜಾಸ್ತಿಯಾದರೆ ಏನಾಗುತ್ತೆ ಅಂತ ನನ್ನ ಬಾಯಿಗೆ ಗೊತ್ತು.

ಗುಂಡಿ ಒತ್ತಿದೆ. ಸದ್ದಿಲ್ಲ.
ಕೆಟ್ಟಿತೆಂದು ಬಾಗಿ ನೋಡುವಷ್ಟರಲ್ಲಿ
ಪರದೆ ಬೆಳಗಿ ನನ್ನನ್ನೇ ಕಾಯುತ್ತಿತ್ತು.

ಶನಿವಾರ ದೊಡ್ಡಕಾಡನೂರಿನ ಕಡೆಯವರು ಬಂದರು,
ಮೂವರು ಅಣ್ಣತಮ್ಮಂದಿರು, ಒಬ್ಬ ತಂಗಿ.
ಹಕ್ಕು ಬಿಡುಗಡೆ ಪತ್ರ.
ಹೆಸರು, ಸರ್ವೆ ನಂಬರು, ಚಕ್ಕುಬಂದಿ
ಹೇಳಿ ಮುಗಿಸುವಷ್ಟರಲ್ಲಿ ಪ್ರಿಂಟರು ಹಾಳೆ ಉಗುಳಿತ್ತು.
ಆಕೆ ಹೆಬ್ಬೆಟ್ಟು ಶಾಯಿಯ ಕಡೆ ಚಾಚಿದಳು.

ಆ ಹನ್ನೊಂದು ನಿಮಿಷದಲ್ಲಿ ಹಿಂದೆಲ್ಲ
ಹೆಂಗಸರು ಬೆಂಚಿನ ಮೇಲೆ ಕೂತು
ಸೆರಗಿನ ತುದಿ ಸುರುಳಿ ಸುತ್ತುತ್ತ
"ಅಕ್ಕಾ, ಇದರಲ್ಲಿ ಏನು ಬರೆದಿದೆ?" ಅನ್ನುತ್ತಿದ್ದರು.
ಒಬ್ಬಳು ಎದ್ದು ಬಸ್ಸಿಗೆ ಹೋದದ್ದೂ ಉಂಟು.
ಹಾಗಂತ ಹಳೆಯದೇ ಚೆನ್ನಾಗಿತ್ತು ಅನ್ನಲಾರೆ.
ಅದರ ಕಾಟ ತಿಂದವಳು ನಾನು.

ಹಾಳೆಯನ್ನು ನನ್ನ ಕಡೆಗೆಳೆದುಕೊಂಡೆ.
"ಕೂತ್ಕೊಳ್ಳಮ್ಮ, ಓದಿ ಹೇಳ್ತೀನಿ," ಅಂದೆ.
ದೊಡ್ಡಣ್ಣ ಮೊಬೈಲು ನೋಡಿದ: "ತಡ ಆಗುತ್ತಲ್ಲ ಮೇಡಂ?"
"ನಮ್ಮ ಮಿಷನ್ನು ಸ್ವಲ್ಪ ನಿಧಾನ," ಅಂದೆ.