ನೂರ ಹನ್ನೆರಡನೇ ಪುಟ

ನಮ್ಮ ರಿವೇರಾಕ್ಕೆ ಬೇಲಿಯಿಲ್ಲ.
ಬೀದಿಯ ಈ ಬದಿ ಉರುಗ್ವೆ, ಆ ಬದಿ ಬ್ರೆಜಿಲ್,
ನಡುವೆ ಡಾಂಬರು, ಒಂದು ಸಾಲು ದೀಪದ ಕಂಬ.
ನಾಯಿಗಳು ಎರಡೂ ದೇಶದಲ್ಲಿ ಕಾಲೆತ್ತುತ್ತವೆ.
ಬ್ರೆಡ್ಡು ಅಲ್ಲಿ ಅಗ್ಗವೆಂದು ನಾವು ಅಲ್ಲಿ,
ಚೀಸು ಇಲ್ಲಿ ರುಚಿಯೆಂದು ಅವರು ಇಲ್ಲಿ.

ನನ್ನದು ಮೊಬೈಲ್ ರಿಪೇರಿ ಅಂಗಡಿ.
ಒಡೆದ ಗಾಜು, ಊದಿದ ಬ್ಯಾಟರಿ,
ನೀರಿಗೆ ಬಿದ್ದು ಮಾತು ಬಿಟ್ಟ ಫೋನು,
ಎಲ್ಲಕ್ಕೂ ಮದ್ದುಂಟು.
ಸುಲ್ಮಾ ಫಗುಂಡೆಸ್ ತಂದ ಕಾಯಿಲೆಗೆ ಇರಲಿಲ್ಲ.

ಎಂಬತ್ತೊಂದರ ಹೆಂಗಸು, ಒಂದು ಕಾಲದ ದಾದಿ.
ಕಣ್ಣ ನಡುವೆ ಬೂದಿ ಬಣ್ಣದ ಬಿಲ್ಲೆ ಕೂತಿದೆಯಂತೆ,
ಯಾರನ್ನು ನೋಡಿದರೂ ಕಿವಿ ಕಾಣುತ್ತವೆ, ಮುಖ ಕಾಣುವುದಿಲ್ಲ.
ಅಚ್ಚಿನ ಅಕ್ಷರ ಬರೀ ಇರುವೆ ಸಾಲು.
ಅದಕ್ಕೇ ಈ ಟ್ಯಾಬ್: ಎರಡು ಬೆರಳು ಅಗಲಿಸಿದರೆ
ಒಂದೊಂದಕ್ಷರವೂ ಬದನೆಕಾಯಿ ಗಾತ್ರ.

ಬೇಕಾದದ್ದು ಒಂದೇ ಪುಸ್ತಕ.
ಆ ಬದಿಯ ಮೇಷ್ಟ್ರೊಬ್ಬ ಬರೆದದ್ದು, ಇದೇ ಬೀದಿಯ ಮೇಲೆ.
ಬರೆದವನು ಹೋದ, ಅಚ್ಚಾದ ಪ್ರತಿಗಳೂ ಹೋದವು.
ನೂರ ಹನ್ನೆರಡನೇ ಪುಟದಲ್ಲಿ ನಿನ್ನಪ್ಪ ಬರುತ್ತಾನಂತೆ
ಎಂದು ಎದುರುಮನೆಯ ಜುರೇಮಾ
ಯಾರಿಂದಲೋ ಕೇಳಿ ಬಂದು ಹೇಳಿದ್ದಾಳೆ.
ಎದುರುಮನೆ ಅಂದರೆ ಬ್ರೆಜಿಲ್.

ಕೊಳ್ಳುವ ಗುಂಡಿ ಒತ್ತಿದೆ.
'ಈ ಪುಸ್ತಕ ನಿಮ್ಮ ದೇಶದಲ್ಲಿ ಲಭ್ಯವಿಲ್ಲ.'
ಹಿಗ್ಗಿಸಿಕೊಂಡು ಓದಿದಳು, ಎರಡು ಸಲ.
"ಹಾಗಾದರೆ ದೇಶ ಬದಲಿಸೋಣ" ಅಂದಳು
ಚಪ್ಪಲಿ ಬದಲಿಸುವ ಹಾಗೆ.

ಬಾಗಿಲೆಳೆದುಕೊಂಡು ಬೀದಿ ದಾಟಿದೆವು.
ಅವಳ ಲೆಕ್ಕದಲ್ಲಿ ನಲವತ್ತು ಹೆಜ್ಜೆ, ನನ್ನದರಲ್ಲಿ ಇಪ್ಪತ್ತಾರು.
ಮಾಂಸ ಸುಡುವ ಗಾಡಿಯ ಹೊಗೆಯಲ್ಲಿ ನಿಂತು ಮತ್ತೆ ಒತ್ತಿದೆ.
ಮತ್ತೆ ಅದೇ.
ಕಾಲು ಬ್ರೆಜಿಲಿನಲ್ಲಿದ್ದರೇನು, ಕಾರ್ಡು ಉರುಗ್ವೆಯದು.
ಹಕ್ಕು, ಒಪ್ಪಂದ, ವಲಯ ಅಂತ ತಿಳಿದಷ್ಟು ತಡವರಿಸಿದೆ:
ದೂರದಲ್ಲೆಲ್ಲೋ ಕೂತು ಭೂಪಟವನ್ನು
ಕಲ್ಲಂಗಡಿಯ ಹಾಗೆ ಹೋಳು ಮಾಡಿ ಮಾರಿದ್ದಾರೆ,
ನಮ್ಮ ಹೋಳನ್ನು ಯಾರೂ ಕೇಳಿಲ್ಲ.

ಬೆಂಚಿನ ಮೇಲೆ ಕೂತಳು.
"ನಮ್ಮಪ್ಪ ಅರವತ್ತು ಕಿಲೋ ಕಾಫಿ
ಕುದುರೆಗೆ ಹೇರಿ, ಅಮಾವಾಸ್ಯೆ ನೋಡಿಕೊಂಡು
ಈ ಗೆರೆ ದಾಟಿಸುತ್ತಿದ್ದ.
ಸಕ್ಕರೆ, ಹೊಗೆಸೊಪ್ಪು, ಒಮ್ಮೆ ಹೊಲಿಗೆ ಯಂತ್ರ,
ಒಮ್ಮೆ ಬಸುರಿ ಚಿಕ್ಕಮ್ಮನನ್ನು.
ತೊಡೆಗೆ ಗುಂಡು ಬಿದ್ದ ರಾತ್ರಿಯೂ ಮೂಟೆ ಬಿಟ್ಟವನಲ್ಲ.
ಈಗ ಅವನೇ ಮೂಟೆ.
ನೋಡು, ತೂಕ ಎಷ್ಟಿದ್ದಾನೆ?"
ನೋಡಿ ಹೇಳಿದೆ: ಏನೂ ಇಲ್ಲ, ಒಂದು ಫೋಟೋದಷ್ಟೂ ಇಲ್ಲ.
"ಮತ್ತೆ ಯಾಕೆ ತಡೆದರು?"

ನನ್ನ ಬಳಿ ಉತ್ತರವಿರಲಿಲ್ಲ. ಜೇಬಲ್ಲಿ ಸ್ಕ್ರೂಡ್ರೈವರ್ ಇತ್ತು.

ಕಡೆಗೆ ಜುರೇಮಾ ತನ್ನ ಕಾರ್ಡಿನಲ್ಲಿ ಕೊಂಡಳು,
ತನ್ನ ಟ್ಯಾಬಿಗೆ ಇಳಿಸಿಕೊಂಡಳು,
ಮುಸ್ಸಂಜೆ ಸ್ವೆಟರಿನೊಳಗೆ ಅವುಚಿಕೊಂಡು
ಎಡಕ್ಕೆ ನೋಡಿ ಬಲಕ್ಕೆ ನೋಡಿ ದಾಟಿ ಬಂದಳು.
ಅಡಗಿಸುವ ಅಗತ್ಯವೇ ಇರಲಿಲ್ಲ, ಕಾವಲೂ ಇರಲಿಲ್ಲ.
ಎಪ್ಪತ್ತೆಂಟರಲ್ಲಿ, ಮಜಕ್ಕೆ, ಹಾಗೆ ಬಂದಳು.

ನನ್ನ ಅಂಗಡಿಯ ಸ್ಟೂಲಿನ ಮೇಲೆ ಸುಲ್ಮಾಳೇ ಓದಿದಳು.
ಒಂದು ಪರದೆಗೆ ನಾಲ್ಕೇ ಪದ.
ಅಪ್ಪ ತುಂಡು ತುಂಡಾಗಿ ಬಂದ:
ಮೊದಲು ಟೋಪಿ,
ಆಮೇಲೆ ಕೆಮ್ಮು,
ಆಮೇಲೆ ಬಿಳಿ ಕುದುರೆ.

ಅಲ್ಲಿಗೆ ನಿಲ್ಲಿಸಿದಳು.
"ಬಿಳಿಯಂತೆ!
ರಾತ್ರಿ ಕಳ್ಳಮಾಲಿಗೆ ಬಿಳಿ ಕುದುರೆ ಕಟ್ಟುವ ಪೆದ್ದ ಯಾರು?
ಕಂದು. ಹಿಂಗಾಲು ಕುಂಟು. ಹೆಸರು ವಿಧವೆ.
ತಿದ್ದು."

ತಿದ್ದಲಾಗದು, ಅಂದೆ. ಬರೆದವನಿಲ್ಲ.
ಬೇಕಾದರೆ ಅಂಚಿನಲ್ಲೊಂದು ಟಿಪ್ಪಣಿ ಸಿಕ್ಕಿಸಬಹುದು.
ಸಿಕ್ಕಿಸಿದೆವು, ಅವಳು ಹೇಳಿದಂತೆಯೇ, ಬೈಗುಳದ ಸಮೇತ.

ಜುರೇಮಾ ಟ್ಯಾಬನ್ನು ಸ್ವೆಟರಿನೊಳಗಿಟ್ಟು ಹೊರಟಳು.
ಕಂದು ಕುದುರೆ ಕುಂಟುತ್ತ
ಅತ್ತ ದಾಟಿತು.

"ನಾಳೆ ಬರುವಾಗ ಬ್ರೆಡ್ಡು ತಾರೇ"
ಸುಲ್ಮಾ ಕೂಗಿದಳು, ಮುಖ ಕಾಣದ ಬೆನ್ನಿಗೆ,
"ನಿಮ್ಮಲ್ಲಿ ಅಗ್ಗ."