ಹೆಚ್ಚು ನಾದಬಾರದು

ಓಟ್ಸ್ ಡಬ್ಬಿ ಬಂದದ್ದು ಡಾಕ್ಟರ ಚೀಟಿಯ ಜೊತೆ,
ಯುಗಾದಿಗೂ ಮುಂಚೆ.
ಗಂಜಿ ಕಾಯಿಸಿಕೊಟ್ಟ ಮೊದಲ ದಿನವೇ
ನಿಂಗಾಜಮ್ಮ ಬಟ್ಟಲು ಸರಿಸಿದರು:
"ಕುದ್ರೆ ಮೇವು ಕಣವ್ವ ಇದು. ನಾನೇನು ಟಾಂಗಾ ಎಳೀಬೇಕಾ?"
ಅವತ್ತಿನಿಂದ ಡಬ್ಬಿ ಅಕ್ಕಿ ಡ್ರಮ್ಮಿನ ಮೇಲೆ,
ಬೆನ್ನಿಗೆ ಅಚ್ಚಾದ ತಾರೀಖು
ದಿನಾ ಒಂದು ಹೆಜ್ಜೆ ಹತ್ತಿರ.

ರವಿಕೆ ಹೊಲಿಸಲು ಬಂದ ಎಸ್ತರ್ ಟೀಚರು
ತೋಳು ಚಾಚಿ ನಿಂತೇ ಹೇಳಿದ್ದನ್ನು
ಅಳತೆಪುಸ್ತಕದಲ್ಲೇ ಬರೆದುಕೊಂಡೆ.
ಎದೆ ಮೂವತ್ತಾರು, ತೋಳು ಹತ್ತೂವರೆ,
ಮೈದಾ ಎರಡು ಲೋಟ, ಓಟ್ಸ್ ಒಂದು,
ಅಡುಗೆ ಸೋಡಾ ಅರ್ಧ ಚಮಚ,
ಬೆಣ್ಣೆ ದಪ್ಪ ನಿಂಬೆ ಎರಡರಷ್ಟು, ತಣ್ಣಗಿರಲಿ,
ಕುತ್ತಿಗೆ ಹಿಂದೆ ಆಳ ಬೇಡ,
ಹೆಚ್ಚು ನಾದಬಾರದು.

ಹೆಸರು ಸ್ಕೋನ್. ಇಲ್ಲ, ಸ್ಕಾನ್.
ಎಸ್ತರ್ ಟೀಚರಿಗೇ ಖಾತ್ರಿಯಿಲ್ಲ.
ಸ್ಕ್ಯಾನ್ ಎಂದು ಕೇಳಿಸಿಕೊಂಡ ಅತ್ತೆ
"ಮೊನ್ನೆ ತಾನೆ ಮಾಡ್ಸಿದ್ವಲ್ಲ, ಮತ್ಯಾಕೆ ದುಡ್ಡು ದಂಡ" ಅಂದರು.

ಸಕ್ಕರೆ ಹಾಕುವಂತಿಲ್ಲ.
ಕಿಟಕಿ ತೆಗೆದರೆ ಕಬ್ಬಿನ ಲಾರಿಗಳ ಸಾಲು,
ಹುಳಿಹುಳಿ ಕಾಕಂಬಿಯ ಗಾಳಿ.
ಈ ಮನೆಯ ಯಜಮಾನರು ಮೂವತ್ತು ವರ್ಷ
ಕಾರ್ಖಾನೆಯ ತೂಕದ ಕೋಣೆಯಲ್ಲಿ ಕೂತು
ಮಂಡ್ಯದ ಸಿಹಿಯನ್ನು ಟನ್ನುಗಟ್ಟಲೆ ಬರೆದವರು.
ನಾನು ಬೆರಳಲ್ಲಿ ಎಣಿಸುತ್ತಿದ್ದೇನೆ: ಖರ್ಜೂರ ಆರು,
ಅಂಜೂರ ಎರಡು, ಒಣದ್ರಾಕ್ಷಿ ಒಂದು ಹಿಡಿ,
ಅದರಲ್ಲೂ ಅರ್ಧ ವಾಪಸ್ಸು ಡಬ್ಬಿಗೆ,
ಗಟ್ಟಿ ಮರಸೇಬು ಒಂದು, ಸಣ್ಣಗೆ ಹೆಚ್ಚಿ.

ಕಷ್ಟ ಅಲ್ಲಿಲ್ಲ, ಕೈಯಲ್ಲಿದೆ.
ಹನ್ನೆರಡು ತುಂಬುವ ಮೊದಲೇ
ಕವೆಗೋಲಿನಲ್ಲಿ ಪಾತ್ರೆ ಅದುಮಿ
ಹಿಟ್ಟು ತೊಳಸಿದ ಕೈ ಇದು.
ಗಂಟು ಕಂಡರೆ ಬಿಡದು.
ಬಟ್ಟೆಯ ಸುಕ್ಕು, ಮಾತಿನ ಸುಕ್ಕು,
ತಿಕ್ಕಿ ತಿಕ್ಕಿ ನೇರ ಮಾಡಲು ಹೋಗಿ
ಕೆಲವನ್ನು ಹರಿದದ್ದೂ ಉಂಟು.
ಈ ಹಿಟ್ಟು ಬೇರೆ ಥರ.
ಬೆಣ್ಣೆ ಅಲ್ಲಲ್ಲಿ ಹರಳಾಗಿ ಉಳಿಯಬೇಕಂತೆ,
ಮಜ್ಜಿಗೆ ಬಿದ್ದೊಡನೆ ಒಂದೇ ಸಲ ಕೂಡಿಸಿ
ಕೈ ತೆಗೆಯಬೇಕಂತೆ.
ತೆಗೆದೆ.
ಮತ್ತೆ ಮುಟ್ಟಿದೆ. ತೆಗೆದೆ.
ಕೈಗೆ ಸೆರಗು ಸುತ್ತಿಕೊಂಡು ನಿಂತೆ.

ಲೋಟದ ಬಾಯಲ್ಲಿ ಕೊಯ್ದದ್ದು ಒಂಬತ್ತು.
ಚೀಟಿ ದುಡ್ಡಲ್ಲಿ ತಂದ ಓವನ್ನು,
ಹಳದಿ ದೀಪದೊಳಗೆ ಒಂಬತ್ತೂ
ಮೆಲ್ಲಗೆ ಭುಜ ಎತ್ತುತ್ತಿದ್ದವು,
ಹನ್ನೊಂದನೇ ನಿಮಿಷಕ್ಕೆ
ಕರೆಂಟು ಹೋಯಿತು.

ಬಾಗಿಲು ತೆಗೆಯಲೋ, ಬೇಡವೋ?
ಟೀಚರು ಫೋನು ಎತ್ತಲಿಲ್ಲ.
ಅಳತೆಪುಸ್ತಕದಲ್ಲಿ ಇದಕ್ಕೆ ಸಾಲಿಲ್ಲ.
ಕತ್ತಲೊಳಗಿಂದ ಅತ್ತೆಯ ದನಿ:
"ಕಾವಲಿ ಮಡಗು. ಉರಿ ಸಣ್ಣಕ್ಕಿರ್ಲಿ. ಮ್ಯಾಲೆ ತಟ್ಟೆ ಮುಚ್ಚು."
ಗೋಡೆ ಹಿಡಿದು ತಾವೇ ಬಂದರು,
ಸ್ಟೂಲು ಎಳೆದು ಒಲೆಯ ಮುಂದೆ ಕೂತರು,
ನನ್ನ ಕೈಯ ಮೊಗಚೋ ಕೈ ಕಸಿದರು.
"ಒತ್ತಾಕಿಲ್ಲ ಬುಡು, ನಂಗೂ ಕೇಳುಸ್ತು ಆಯಮ್ಮ ಹೇಳಿದ್ದು."
ಮೊಬೈಲಿನ ಬೆಳಕು ಹಿಡಿದದ್ದು ನಾನು,
ಒಂದೊಂದನ್ನೇ ಅಂಚಿನಿಂದ ಎತ್ತಿ
ಮಗು ಮಗ್ಗುಲಾದಂತೆ ಹೊರಳಿಸಿದ್ದು ಅವರು.
ಹತ್ತೊಂಬತ್ತು ವರ್ಷದಲ್ಲಿ ಒಂದೇ ಒಲೆಗೆ
ಇಬ್ಬರೂ ಹೀಗೆ ಬಗ್ಗಿದ್ದು ಇದೇ ಮೊದಲು
ಅಂತ ಬಾಯಿಗೆ ಬಂತು.
ಬಿಟ್ಟೆ.

ಮೂರಕ್ಕೆ ತಳ ಸೀದಿತ್ತು. ಒಂದರ ನಡು ಇನ್ನೂ ಹಸಿ.
ಉಳಿದವು ಮುರಿದರೆ ಬಿರುಕಿನಲ್ಲಿ ಹಬೆ,
ಖರ್ಜೂರದ ಕಂದು, ಓಟ್ಸಿನ ಒರಟು.
ಹಲ್ಲಿಲ್ಲದ ಕಡೆಯಿಂದ ಹಲ್ಲಿರುವ ಕಡೆಗೆ ತಳ್ಳಿ
ನಿಂಗಾಜಮ್ಮ ಬಹಳ ಹೊತ್ತು ಅಗಿದರು.
"ಕುದ್ರೆಗೆ ಪರವಾಗಿಲ್ಲ," ಅಂದರು,
ಇನ್ನೊಂದರ ಸೀದ ತಳವನ್ನು
ಉಗುರಲ್ಲಿ ಕೆರೆಯುತ್ತ.

ಕರೆಂಟು ಬಂತು.
ಓವನ್ನಿನ ಖಾಲಿ ಹೊಟ್ಟೆ ಬೆಳಗಿತು.
ಆರಿಸಲು ಯಾರೂ ಏಳಲಿಲ್ಲ.