ಸುತ್ತಿನ ಲೆಕ್ಕ

ಬನಹಟ್ಟಿಯೊಳಗ ಒಂದು ಮಗ್ಗ ನಿಂತರ
ಇಡೀ ಓಣಿಗೆ ಗೊತ್ತಾಗತೈತಿ,
ಬಾಯೊಳಗ ಹಲ್ಲು ಬಿದ್ದಂಗ.
ತಾಸಿನೊಳಗ ಯಾರಾದರೂ ಸೈಕಲ್ ಕ್ಯಾರಿಯರ್‌ಗೆ
ಸುಟ್ಟ ಮೋಟರ್ ಕಟ್ಟಿಕೊಂಡು ಬರ್ತಾರ,
ಕೂಸಿಗೆ ಜ್ವರ ಬಂದವರಂಗ ಮುಖ ಮಾಡಿ:
‘ನಬಿ ಮಿಸ್ತ್ರಿ, ಸಂಜೀಕ ಬೇಕ್ ನೋಡ.’

ಮೂರು ವರ್ಷದಾಗ ಮೂರು ಹುಡುಗರು ಬಂದ್ರು ಕಲಿಯಾಕ.
ಒಬ್ಬಾಂವ, ವಾರ್ನಿಷ್ ವಾಸನಿಗೆ ತಲಿ ನೋಯ್ತೈತಿ ಅಂದ, ಹೋದ.
ಒಬ್ಬಾಂವ ಫೈನಾನ್ಸ್ ಕಂಪನಿ ಬೈಕ್ ಹತ್ತಿ
ಹೆಣ್ಣುಮಕ್ಕಳ ಸಂಘದ ಕಂತು ವಸೂಲಿಗೆ ಹೊಂಟ,
ಈಗ ಪ್ರತಿ ಮಂಗಳವಾರ ನನ್ನ ಮನಿಗೂ ಬರ್ತಾನ.
ಮೂರನೇದಾಂವ ಈ ಕಾಡೇಶ.
ಐಟಿಐ ಪಾಸು. ಬಂದ ದಿನಾನ ಕೇಳಿದ:
‘ಪಗಾರ ಎಷ್ಟ್ ಕೊಡ್ತೀರಿ?’

ಉಳಿ ಹಿಡಿದ ಕೈ ಹಂಗ ನಿಂತಿತು.
ನಾನು ಲಾಡಸಾಬ ಉಸ್ತಾದನ ಕಡೆ
ನಾಕು ವರ್ಷ ಚಹಾ ರೊಟ್ಟಿ ಮ್ಯಾಲ ದುಡಿದಾಂವ.
ಈದಿಗೊಂದು ಅಂಗಿ, ಅದೂ ಅವನ ಮಗಂದು, ಹಳೇದು.
ಹುಡುಗಗ ಇದನ್ನೆಲ್ಲಾ ಹೇಳಿದೆ, ಹೆಮ್ಮಿಲೆ.
ಅಂವ ಸ್ವಲ್ಪ ಹೊತ್ತು ಸುಮ್ಮನಿದ್ದು
‘ನಿಮಗ ಸಿಟ್ಟ ಬಂದಿರಲಿಲ್ಲೇನ್ರಿ?’ ಅಂದ.

ಬಂದಿತ್ತು.
ಯಾರೂ ಕೇಳಿರಲಿಲ್ಲ, ಅಷ್ಟ.

ಪಗಾರ ಗೊತ್ತಾತು. ಕೆಲಸ ಗೊತ್ತಾಗಬೇಕಲ್ಲ!
ತಂತಿ ಎಳೆದ್ರ ಎನಾಮಲ್ ಕೆರೀತಿತ್ತು,
ಸ್ಲಾಟಿಗೆ ಹಾಕೋ ಕಾಗದ ಅಳತಿ ತಪ್ಪತಿತ್ತು,
ಬಿದಿರ ಬೆಣಿ ಕೆತ್ತಾಕ ಹೋಗಿ ಬೆರಳು ಕೆತ್ತಿಕೊಂಡ.
ಐಟಿಐಯೊಳಗ ಬೆಣಿ ಮ್ಯಾಲ ಎರಡು ಮಾರ್ಕಿನ ಪ್ರಶ್ನಿ ಇತ್ತಂತ,
ಬಿದಿರು ಇರಲಿಲ್ಲಂತ.
ವಾರ್ನಿಷ್ ಆರೋತನಕ ಮೂಲ್ಯಾಗ ಕುಂತು ಮೊಬೈಲ್.
ನಾನು ಬೈತಿದ್ದೆ. ಮೋಟರ್ ತಂದವರೂ ಬೈತಿದ್ರು,
ಬಾಗಲದಾಗ ಕುಂತು, ತಮ್ಮ ತಮ್ಮ ಮೊಬೈಲ್ ತಿಕ್ಕಿಕೋತ:
‘ಈಗಿನ ಹುಡುಗರಿಗೆ ಮೈ ಬಗ್ಗಂಗಿಲ್ಲ ತಗೋ.’

ಅವತ್ತು ಗಿರಮಲ್ಲಪ್ಪ ಬಂದಿದ್ದ, ಆರು ಮಗ್ಗದ ಸಾವಕಾರ.
ನಾನು ಹ್ಯಾಂಡಲ್ ತಿರುವಿಕೋತ ಕಾಯಿಲ್ ಸುತ್ತತಿದ್ದೆ.
ಎಂಬತ್ತಾರು ಸುತ್ತು ಬೇಕು.
ಕಡಿಮಿ ಬಿದ್ರ ಮೋಟರ್ ಬಿಸಿ,
ಹೆಚ್ಚಾದ್ರ ಸ್ಲಾಟಿನಾಗ ಹಿಡಿಸಂಗಿಲ್ಲ.
ನಲವತ್ತೊಂದು, ನಲವತ್ತೆರಡು,
‘ನಮ್ಮ ಕಾಲದಾಗ ಹಿಂಗಿರಲಿಲ್ಲ ಮಿಸ್ತ್ರಿ’,
ನಲವತ್ತ…
‘ಹನ್ನೆರಡು ತಾಸು ನಿಂತ ಕಾಲ ಮ್ಯಾಲ ನಾವು’,
ಅರವತ್ತ ಏನೋ.
ಹೌದಪ್ಪಾ ಹೌದು ಅಂತ ಗೋಣು ಹಾಕೂದ್ರಾಗ ಲೆಕ್ಕ ಹೋತು.
ಕೈ ತಿರುಗೇ ತಿರುಗತೈತಿ, ತಲ್ಯಾಗ ಎಣಿಕಿ ಇಲ್ಲ.
ಬಿಚ್ಚಿ ಮೊದಲಿಂದ ಸುತ್ತಬೇಕು.
ಗಿರಾಕಿ ಮುಂದ ಬಿಚ್ಚಿದ್ರ ನಲವತ್ತು ವರ್ಷದ ಹೆಸರೇನಾತು?
ಅಂದಾಜಿನ ಮ್ಯಾಲ ಮುಗಿಸಿಬಿಡೂಣು ಅಂದುಕೊಂಡೆ.
ಹೌದು, ಅಂದುಕೊಂಡೆ.

‘ಎಪ್ಪತ್ತೊಂದ್ರಿ.’
ಮೂಲ್ಯಾಗಿಂದ. ಮೊಬೈಲ್‌ನಿಂದ ಮುಖ ಎತ್ತದ.

‘ಏನಲೇ ಎಪ್ಪತ್ತೊಂದು?’ ಅಂದ ಗಿರಮಲ್ಲಪ್ಪ.
ನಾವಿಬ್ಬರೂ ಹೇಳಲಿಲ್ಲ.

ಅಂವ ಚಹಾಕ್ಕ ಎದ್ದು ಹೋದ ಮ್ಯಾಲ
ಬಿಚ್ಚಿಕೋತ ಎಣಿಸಿದೆ. ಪ್ರೀತಿ ಬ್ಯಾರೆ, ತಾಮ್ರ ಬ್ಯಾರೆ.
ಎಪ್ಪತ್ತು.
‘ಒಂದು ತಪ್ಪೀದಿ’ ಅಂದೆ, ಸುಳ್ಳ್ಯಾಕ, ಖುಷಿಲೆ.
‘ಬಿಚ್ಚೋವಾಗ ಒಂದು ನೀವ ಬಿಟ್ರಿ’ ಅಂದ.

ಅಷ್ಟರಾಗ ಕರೆಂಟ್ ಹೋತು.
ಬನಹಟ್ಟಿ ಮಗ್ಗ ಎಲ್ಲಾ ಒಮ್ಮಿಗೇ ನಿಂತವು.
ಕಿವಿಗೆ ಏನು ಮಾಡಬೇಕಂತ ತಿಳೀಲಿಲ್ಲ.
ಕಾಡೇಶ ಮೊಬೈಲ್ ಟಾರ್ಚ್ ಹಚ್ಚಿ
ವಾರ್ನಿಷ್ ಡಬ್ಬಿಗೆ ಆನಿಸಿ ಇಟ್ಟ,
ಹ್ಯಾಂಡಲ್ ತನ್ನ ಕಡೆ ಎಳಕೊಂಡ.
ತಂತಿ ಬೆರಳಿನಾಗ ಹಿಡಿದು ಬಿಗಿ ಕೊಟ್ಟೆ.
ಇಬ್ಬರೂ ಬಾಯಿಬಿಟ್ಟು: ಒಂದು. ಎರಡು. ಮೂರು.

ಮೂವತ್ತಕ್ಕ ಬಂದಾಗ ಅಂದ:
‘ಆರು ಹೊಡೀತ್ರಿ. ಇಲ್ಲಿಂದ ಮುಂದ ಓವರ್‌ಟೈಮ್.’

ಎಣಿಸೂದು ಬಿಡದ ಗೋಣು ಹಾಕಿದೆ.
ಮೂವತ್ತೊಂದು.